ಕೇಳದೆ ಉಳಿದ ಪ್ರಶ್ನೆಯ ಬೆಲೆ

ವ್ಯಾಪಾರದಲ್ಲಿ ಲಾಭ ದೋಷವಲ್ಲ. ಲಾಭವಿಲ್ಲದ ಅಂಗಡಿ ಇಂದಲ್ಲ ನಾಳೆ ಬಾಗಿಲು ಮುಚ್ಚುತ್ತದೆ. ಮುಚ್ಚಿದ ಅಂಗಡಿಯಿಂದ ಗಿರಾಕಿಗೂ ಉಪಯೋಗವಿಲ್ಲ. ಔಷಧ ತಯಾರಕರು ಹಣ ಗಳಿಸುತ್ತಾರೆಂಬ ಒಂದೇ ಕಾರಣಕ್ಕೆ ಅವರನ್ನು ನಿಂದಿಸುವವರ ವಾದದಲ್ಲಿ ಹುರುಳಿಲ್ಲ. ಆದರೆ ಲಾಭದಲ್ಲಿ ಎರಡು ಬಗೆಯುಂಟು. ಸರಕಿನ ಗುಣವನ್ನು ಗಿರಾಕಿಯ ಮುಂದೆ ಬಿಚ್ಚಿಟ್ಟು, ಪಕ್ಕದ ಸರಕಿನೊಡನೆ ಹೋಲಿಸಿ ನೋಡಲು ಅವಕಾಶವಿತ್ತು ಪಡೆದ ಲಾಭ ಒಂದು. ಆ ಹೋಲಿಕೆಯೇ ನಡೆಯದಿರುವಾಗ, ಗಿರಾಕಿಯ ಅಜ್ಞಾನದ ಮೇಲೆ ಪಡೆದ ಲಾಭ ಇನ್ನೊಂದು. ಜಮಾ ಬದಿಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಯಾವ ಲೆಕ್ಕದ ಪುಸ್ತಕವೂ ಅವನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಮಧುಮೇಹಿಗಳ ಕಣ್ಣಿನ ಚಿಕಿತ್ಸೆಯಲ್ಲಿ ಕಳೆದ ಎರಡು ದಶಕಗಳಿಂದ ನಡೆದುಬಂದಿರುವ ಒಂದು ವ್ಯವಹಾರವನ್ನು ಪರಿಶೀಲಿಸಿದರೆ, ಈ ಎರಡನೆಯ ಬಗೆಯ ಲಾಭ ಎಂತಹ ಗೌರವದ ವೇಷದಲ್ಲಿ ತಿರುಗಾಡಬಲ್ಲುದೆಂಬುದು ವಿಶದವಾಗುತ್ತದೆ.

ಸಕ್ಕರೆ ಕಾಯಿಲೆ ಕಣ್ಣನ್ನು ಸದ್ದಿಲ್ಲದೆ ಕೆಡಿಸುತ್ತದೆ. ಅಕ್ಷಿಪಟಲವೆಂಬ ಬೆಳಕು ಗ್ರಹಿಸುವ ತೆಳುಪದರಕ್ಕೆ ರಕ್ತವನ್ನೊಯ್ಯುವ ಸೂಕ್ಷ್ಮನಾಳಗಳು ವರ್ಷಗಟ್ಟಲೆ ಏರಿ ನಿಂತ ಸಕ್ಕರೆಯಿಂದ ಬಲಗುಂದುತ್ತವೆ. ಕೆಲವು ನಾಳಗಳು ಸೋರುತ್ತವೆ. ಸೋರಿದ ದ್ರವ ಅಕ್ಷಿಪಟಲದ ನಡುಭಾಗದಲ್ಲಿ, ಅಂದರೆ ಅಕ್ಷರ ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಬೇಕಾದ ಮ್ಯಾಕ್ಯುಲಾ ಎಂಬ ಜಾಗದಲ್ಲಿ ನಿಂತು ಊತವನ್ನುಂಟುಮಾಡುತ್ತದೆ. ಇನ್ನು ಕೆಲವು ನಾಳಗಳು ಮುಚ್ಚಿಹೋಗುತ್ತವೆ. ರಕ್ತ ಸಿಗದ ಭಾಗ ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಸೂಸಿ ಹೊಸ ನಾಳಗಳನ್ನು ಕರೆಯುತ್ತದೆ. ಹಾಗೆ ಬೆಳೆದ ನಾಳಗಳು ಹಸಿ ಗೋಡೆಯಂತೆ ಕುಸಿದು ಕಣ್ಣೊಳಗೆ ರಕ್ತ ಸುರಿಸುತ್ತವೆ. ಇಷ್ಟಾದರೂ ನೋವಿಲ್ಲ. ದೃಷ್ಟಿ ಮಂಜಾದ ಮೇಲೆಯೇ ಬಹುಮಂದಿ ವೈದ್ಯರ ಬಳಿ ಹೋಗುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. 2022ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆ, 40 ವರ್ಷ ದಾಟಿದ ಮಧುಮೇಹಿಗಳಲ್ಲಿ ಶೇಕಡಾ 12.5ರಷ್ಟು ಮಂದಿಯ ಅಕ್ಷಿಪಟಲದಲ್ಲಿ ಈ ಕಾಯಿಲೆಯ ಗುರುತುಗಳನ್ನು ಕಂಡಿತು. ದೂರದ ದೇಶದಲ್ಲಿ ನಡೆದ ಔಷಧ ವ್ಯವಹಾರ ಹುಬ್ಬಳ್ಳಿಯ ಅಥವಾ ಹಾಸನದ ಓದುಗನಿಗೆ ಏಕೆ ಬೇಕೆಂಬ ಪ್ರಶ್ನೆಗೆ ಈ ಎರಡು ಅಂಕಿಗಳೇ ಉತ್ತರ.

ಈ ಕಾಯಿಲೆಯ ವಿಷಯದಲ್ಲಿ ಸಂಶೋಧನೆ ಹೇಗೆ ನಡೆಯಬೇಕೆಂಬುದಕ್ಕೆ ಒಳ್ಳೆಯ ಮೇಲ್ಪಂಕ್ತಿಯೂ ಇದೆ. ಅಮೆರಿಕದ ಸರಕಾರ 1968ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ನೇತ್ರ ಸಂಸ್ಥೆ, 1970ರ ದಶಕದ ಆರಂಭದಲ್ಲಿ ಒಂದು ದೊಡ್ಡ ಪ್ರಯೋಗವನ್ನು ಕೈಗೊಂಡಿತು. ಲೇಸರ್ ಕಿರಣದಿಂದ ಅಕ್ಷಿಪಟಲವನ್ನು ಅಲ್ಲಲ್ಲಿ ಸುಡುವ ಚಿಕಿತ್ಸೆ ಆಗಲೇ ಬಳಕೆಯಲ್ಲಿತ್ತು. ಕೆಲವು ವೈದ್ಯರು ಅದನ್ನು ಹೊಗಳುತ್ತಿದ್ದರು, ಕೆಲವರು ಅದರಿಂದ ಕೇಡೇ ಹೆಚ್ಚೆನ್ನುತ್ತಿದ್ದರು. 15 ಕೇಂದ್ರಗಳಲ್ಲಿ 1,700ಕ್ಕೂ ಹೆಚ್ಚು ರೋಗಿಗಳನ್ನು ಆರಿಸಿ, ಪ್ರತಿಯೊಬ್ಬರ ಒಂದು ಕಣ್ಣಿಗೆ ಲೇಸರ್ ನೀಡಿ ಇನ್ನೊಂದನ್ನು ಹಾಗೆಯೇ ಬಿಟ್ಟು ನೋಡಲಾಯಿತು. ಯಾವ ಕಣ್ಣಿಗೆ ಚಿಕಿತ್ಸೆಯೆಂಬುದು ವೈದ್ಯರ ಇಚ್ಛೆಯಿಂದಲ್ಲ, ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿತ್ತು. ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಹೆಚ್ಚು ಪ್ರಮಾಣದಲ್ಲಿ ತಗ್ಗುವುದೆಂದು 1976ರಲ್ಲಿ ತಿಳಿಯಿತು. ತಿಳಿದೊಡನೆ ಪ್ರಯೋಗದ ನಿಯಮವನ್ನೇ ಬದಲಿಸಿ, ಅದುವರೆಗೆ ಬಿಟ್ಟಿದ್ದ ಕಣ್ಣುಗಳಿಗೂ ಅಗತ್ಯವಿದ್ದಲ್ಲಿ ಚಿಕಿತ್ಸೆ ನೀಡಿದರು. ಪ್ರಶ್ನೆ ಕೇಳಿದವರಿಗೆ ಉತ್ತರ ಹೀಗೇ ಬರಬೇಕೆಂಬ ಹಂಗಿರಲಿಲ್ಲ. ಆದ್ದರಿಂದಲೇ ಬಂದ ಉತ್ತರವನ್ನು ಲೋಕ ನಂಬಿತು.

ಈಗ ಎರಡು ಔಷಧಗಳ ಕಥೆಗೆ ಬರೋಣ. ವಿಇಜಿಎಫ್ ಪ್ರೋಟೀನನ್ನು 1989ರಲ್ಲಿ ಬೇರ್ಪಡಿಸಿ ಗುರುತಿಸಿದ ವಿಜ್ಞಾನಿಗಳಲ್ಲಿ ಪ್ರಮುಖರಾದ ನೆಪೋಲಿಯೋನ್ ಫೆರಾರ ಕ್ಯಾಲಿಫೋರ್ನಿಯದ ಜೆನೆನ್‌ಟೆಕ್ ಕಂಪನಿಯಲ್ಲಿದ್ದರು. ಆ ಪ್ರೋಟೀನನ್ನು ಹಿಡಿದು ನಿಷ್ಕ್ರಿಯಗೊಳಿಸುವ ಒಂದೇ ಮೂಲ ಪ್ರತಿಕಾಯದಿಂದ ಆ ಕಂಪನಿ ಎರಡು ಔಷಧಗಳನ್ನು ರೂಪಿಸಿತು. ಇಡೀ ಪ್ರತಿಕಾಯವೇ ಆಗಿರುವ ಬೆವಾಸಿಜುಮಾಬ್ ಅವಾಸ್ಟಿನ್ ಎಂಬ ಹೆಸರಿನಲ್ಲಿ 2004ರ ಫೆಬ್ರವರಿಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಅನುಮತಿ ಪಡೆಯಿತು. ಪ್ರತಿಕಾಯದ ಒಂದು ತುಣುಕನ್ನು ಮತ್ತಷ್ಟು ಬಿಗಿಯಾಗಿ ಅಂಟುವಂತೆ ತಿದ್ದಿ ಮಾಡಿದ ರಾನಿಬಿಜುಮಾಬ್ ಲುಸೆಂಟಿಸ್ ಎಂಬ ಹೆಸರಿನಲ್ಲಿ 2006ರ ಜೂನ್ ತಿಂಗಳಲ್ಲಿ, ಮುಪ್ಪಿನಿಂದ ಬರುವ ಮ್ಯಾಕ್ಯುಲಾ ಕಾಯಿಲೆಗೆ ಅನುಮತಿ ಪಡೆಯಿತು. ತುಣುಕು ಚಿಕ್ಕದಾದ್ದರಿಂದ ಅಕ್ಷಿಪಟಲದೊಳಕ್ಕೆ ಚೆನ್ನಾಗಿ ಇಳಿಯುವುದು, ರಕ್ತದಿಂದ ಬೇಗ ಹೊರಹೋಗುವುದು ಎಂಬುದು ಕಂಪನಿಯ ತರ್ಕ. ತರ್ಕದಲ್ಲಿ ತಪ್ಪೇನಿಲ್ಲ. ಆದರೆ ತರ್ಕ ಪ್ರಮಾಣವಲ್ಲ.

ಲುಸೆಂಟಿಸ್ ಇನ್ನೂ ಮಾರುಕಟ್ಟೆಗೆ ಬರದಿದ್ದ 2005ರಲ್ಲಿ ಮಯಾಮಿಯ ನೇತ್ರವೈದ್ಯ ಫಿಲಿಪ್ ರೋಸೆನ್‌ಫೆಲ್ಡ್ ಕ್ಯಾನ್ಸರಿನ ಔಷಧವಾದ ಅವಾಸ್ಟಿನ್ನನ್ನೇ ಅತ್ಯಲ್ಪ ಪ್ರಮಾಣದಲ್ಲಿ ಕಣ್ಣಿಗೆ ಚುಚ್ಚಿ ನೋಡಿದರು. ಊತ ಇಳಿಯಿತು. ಸುದ್ದಿ ಹರಡಿ, ವರ್ಷ ಕಳೆಯುವುದರೊಳಗೆ ಹಲವು ದೇಶಗಳ ವೈದ್ಯರು ಮಧುಮೇಹಿಗಳ ಕಣ್ಣಿಗೂ ಅದನ್ನು ಬಳಸತೊಡಗಿದರು. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಅವಾಸ್ಟಿನ್‌ನ ಚಿಕ್ಕ ಸೀಸೆಯಲ್ಲಿರುವುದು 100 ಮಿಲಿಗ್ರಾಂ. ಕಣ್ಣಿಗೆ ಬೇಕಾದುದು 1.25 ಮಿಲಿಗ್ರಾಂ. ಕಾಗದದ ಮೇಲೆ ಒಂದು ಸೀಸೆಗೆ 80 ಚುಚ್ಚುಮದ್ದು. ಸಿರಿಂಜಿನಲ್ಲಿ ಉಳಿಯುವುದು, ಚೆಲ್ಲುವುದು ಎಲ್ಲ ಕಳೆದರೂ ಹಲವು ರೋಗಿಗಳಿಗೆ ಸಾಲುತ್ತದೆ. ಹೀಗಾಗಿ ಆಗ ಅಮೆರಿಕದಲ್ಲಿ ಒಂದು ಚುಚ್ಚುಮದ್ದಿಗೆ ಅವಾಸ್ಟಿನ್ ಆದರೆ ಸುಮಾರು 50 ಡಾಲರ್, ಲುಸೆಂಟಿಸ್ ಆದರೆ ಸುಮಾರು 2,000 ಡಾಲರ್ ಆಗುತ್ತಿತ್ತು. ಒಂದೇ ಮನೆಯ ಎರಡು ಮಾಲು, ನಲವತ್ತು ಪಟ್ಟು ಬೆಲೆ. ಈ ಚಿಕಿತ್ಸೆ ಒಂದು ಸಲಕ್ಕೆ ಮುಗಿಯುವಂಥದಲ್ಲ; ಮೊದಲ ವರ್ಷದಲ್ಲಿ ತಿಂಗಳು ತಿಂಗಳು ಎಂಬಂತೆ ಚುಚ್ಚಬೇಕಾಗುವುದೂ ಉಂಟು.

ಇಂತಹ ಸ್ಥಿತಿಯಲ್ಲಿ ಯಾವ ಸಾಮಾನ್ಯ ಗಿರಾಕಿಯಾದರೂ ಕೇಳುವ ಪ್ರಶ್ನೆ ಒಂದೇ: ನಲವತ್ತು ಪಟ್ಟು ಕೊಟ್ಟರೆ ನಲವತ್ತರಲ್ಲಿ ಒಂದು ಪಾಲಾದರೂ ಹೆಚ್ಚು ಕಾಣಿಸುವುದೇ? ಎರಡೂ ಔಷಧಗಳ ಒಡೆತನವಿದ್ದ ಕಂಪನಿ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯೋಗ ನಡೆಸಲಿಲ್ಲ. ಮಧುಮೇಹಿಗಳ ಮ್ಯಾಕ್ಯುಲಾ ಊತಕ್ಕೆ ಲುಸೆಂಟಿಸ್ ಬಳಸಲು 2012ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದು ರೈಸ್ ಮತ್ತು ರೈಡ್ ಎಂಬ ಎರಡು ಪ್ರಯೋಗಗಳ ಆಧಾರದ ಮೇಲೆ. ಅವುಗಳಲ್ಲಿ ಲುಸೆಂಟಿಸನ್ನು ಹೋಲಿಸಿದ್ದು ಸೋಗಿನ ಚುಚ್ಚುವಿಕೆಯೊಡನೆ, ಅಂದರೆ ಸೂಜಿಯಿಲ್ಲದ ಸಿರಿಂಜನ್ನು ಕಣ್ಣಿಗೆ ಒತ್ತಿ ಚುಚ್ಚಿದಂತೆ ಮಾಡುವುದರೊಡನೆ. ಲೋಕದ ನೇತ್ರವೈದ್ಯರು ಅಗ್ಗದ ಔಷಧವನ್ನು ಬಳಸುತ್ತಿದ್ದ ಕಾಲದಲ್ಲಿ ದುಬಾರಿ ಔಷಧವನ್ನು ಏನೂ ಇಲ್ಲದುದರ ಪಕ್ಕದಲ್ಲಿಟ್ಟು ತೂಗಲಾಯಿತು. ಖಾಲಿ ತಟ್ಟೆಯ ಎದುರು ಇಟ್ಟರೆ ಯಾವ ಸರಕು ತಾನೇ ಹಗುರವಾಗಿ ಕಂಡೀತು? ನಿಯಮಕ್ಕೆ ಇದು ಸಾಕಾಗಿತ್ತು. ನಿಯಮಕ್ಕೆ ಸಾಕಾದುದು ನ್ಯಾಯಕ್ಕೂ ಸಾಕೆಂದು ಹೇಳುವವರು ತಮ್ಮ ಮನೆಗೆ ಅಕ್ಕಿ ಕೊಳ್ಳುವಾಗ ಹಾಗೆ ನಡೆದುಕೊಳ್ಳುವುದಿಲ್ಲ.

ಅಷ್ಟೇ ಅಲ್ಲ. 2007ರ ಅಕ್ಟೋಬರಿನಲ್ಲಿ ಜೆನೆನ್‌ಟೆಕ್, ಅವಾಸ್ಟಿನ್ನನ್ನು ಸಣ್ಣ ಸಿರಿಂಜುಗಳಿಗೆ ತುಂಬಿಕೊಡುವ ಔಷಧಾಲಯಗಳಿಗೆ ಇನ್ನು ಅದನ್ನು ಪೂರೈಸುವುದಿಲ್ಲವೆಂದು ಸಾರಿತು. ಸುರಕ್ಷತೆಯ ಕಾರಣ ಮುಂದಿಟ್ಟಿತು. ನೇತ್ರವೈದ್ಯರ ಸಂಘಟನೆಗಳು ಪ್ರತಿಭಟಿಸಿದ ಮೇಲೆ, ವೈದ್ಯರೇ ಕೊಂಡು ಔಷಧಾಲಯಕ್ಕೆ ಕಳಿಸಿಕೊಳ್ಳುವ ದಾರಿಯೊಂದು ಉಳಿಯಿತು.

ಕೊನೆಗೆ ಪ್ರಶ್ನೆ ಕೇಳಿದ್ದು ಮತ್ತೆ ಅದೇ ರಾಷ್ಟ್ರೀಯ ನೇತ್ರ ಸಂಸ್ಥೆ, ತೆರಿಗೆದಾರರ ಹಣದಿಂದ. ಮುಪ್ಪಿನ ಮ್ಯಾಕ್ಯುಲಾ ಕಾಯಿಲೆಯ 1,208 ರೋಗಿಗಳ ಮೇಲೆ ನಡೆದ ಈ ಪ್ರಯೋಗದ ಒಂದು ವರ್ಷದ ಫಲಿತಾಂಶ 2011ರಲ್ಲಿ ಹೊರಬಂತು. ತಿಂಗಳಿಗೊಮ್ಮೆ ಲುಸೆಂಟಿಸ್ ಪಡೆದವರು ಕಣ್ಣು ಪರೀಕ್ಷೆಯ ಫಲಕದಲ್ಲಿ ಸರಾಸರಿ 8.5 ಅಕ್ಷರ ಹೆಚ್ಚು ಓದಿದರು. ಅವಾಸ್ಟಿನ್ ಪಡೆದವರು 8.0 ಅಕ್ಷರ. ಔಷಧದ ವಾರ್ಷಿಕ ವೆಚ್ಚ ರೋಗಿಯೊಬ್ಬನಿಗೆ ಲುಸೆಂಟಿಸ್ ಆದರೆ 23,400 ಡಾಲರ್, ಅವಾಸ್ಟಿನ್ ಆದರೆ 595 ಡಾಲರ್. ಅರ್ಧ ಅಕ್ಷರದ ವ್ಯತ್ಯಾಸ ಅಂಕಿಅಂಶದ ಲೆಕ್ಕದಲ್ಲಿ ವ್ಯತ್ಯಾಸವೇ ಅಲ್ಲ. ಅವಾಸ್ಟಿನ್ ಗುಂಪಿನಲ್ಲಿ ಆಸ್ಪತ್ರೆಗೆ ಸೇರುವಂತಹ ಇತರ ಕಾಯಿಲೆಗಳು ತುಸು ಹೆಚ್ಚಾಗಿ ಕಂಡವು, ಶೇಕಡಾ 24.1, ಲುಸೆಂಟಿಸ್ ಗುಂಪಿನಲ್ಲಿ 19.0. ಈ ಅಂಕಿಯನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹೆಚ್ಚಾದ ಕಾಯಿಲೆಗಳು ಈ ಜಾತಿಯ ಔಷಧದಿಂದ ಬರುವುವೆಂದು ಮೊದಲೇ ತಿಳಿದಿದ್ದ ಬಗೆಯವಾಗಿರಲಿಲ್ಲ; ಮುಂದೆ 2014ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆಗೆ ಎರಡರ ನಡುವೆ ಅಂತಹ ಅಂತರ ಕಾಣಲಿಲ್ಲ.

ಮಧುಮೇಹಿಗಳ ಕಣ್ಣಿನ ವಿಷಯದಲ್ಲಿ ಉತ್ತರ ಇಷ್ಟು ಸರಳವಾಗಿ ಬರಲಿಲ್ಲ. ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಸರಕಾರದ ಹಣದಿಂದಲೇ 660 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಎರಡರ ಜೊತೆಗೆ ಅಫ್ಲಿಬರ್ಸೆಪ್ಟ್ ಎಂಬ ಮೂರನೆಯ ಔಷಧವೂ ಇತ್ತು. ಅದರ ಒಂದು ಚುಚ್ಚುಮದ್ದಿಗೆ 1,850 ಡಾಲರ್. ದೃಷ್ಟಿ ಅಲ್ಪಸ್ವಲ್ಪ ಮಾತ್ರ ಕುಂದಿದ್ದವರಲ್ಲಿ ಮೂರೂ ಸಮವಾಗಿ ನಿಂತವು. ಆದರೆ ದೃಷ್ಟಿ 20/50 ಅಥವಾ ಅದಕ್ಕಿಂತ ಕೆಳಗಿಳಿದಿದ್ದವರಲ್ಲಿ, ಅಂದರೆ ಭಾರತದ ಆಸ್ಪತ್ರೆಗಳು 6/15 ಎಂದು ಬರೆಯುವ ಮಟ್ಟದವರಲ್ಲಿ, ಒಂದು ವರ್ಷದ ಕೊನೆಗೆ ಅಫ್ಲಿಬರ್ಸೆಪ್ಟ್ 18.9 ಅಕ್ಷರ, ಲುಸೆಂಟಿಸ್ 14.2, ಅವಾಸ್ಟಿನ್ 11.8 ಅಕ್ಷರ ಗಳಿಸಿಕೊಟ್ಟವು. ಏಳು ಅಕ್ಷರದ ಅಂತರ ಸಣ್ಣದಲ್ಲ. ಫಲಕದಲ್ಲಿ ಒಂದು ಸಾಲಿಗಿಂತ ಹೆಚ್ಚು. ಹಾಗಾದರೆ ಅಗ್ಗದ್ದು ಬೇಡವೇ? ಅದನ್ನೂ ಕೇಳಿ ನೋಡಿದರು. 2022ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಲ್ಲಿ ಒಂದು ಗುಂಪಿಗೆ ಮೊದಲಿನಿಂದಲೂ ಅಫ್ಲಿಬರ್ಸೆಪ್ಟ್ ನೀಡಿದರು; ಇನ್ನೊಂದಕ್ಕೆ ಮೊದಲು ಅವಾಸ್ಟಿನ್ ನೀಡಿ, 12 ವಾರಗಳ ನಂತರ ಸಾಲದೆಂದು ಕಂಡವರಿಗೆ ಮಾತ್ರ ಔಷಧ ಬದಲಿಸಿದರು. ಎರಡು ವರ್ಷಗಳ ಅವಧಿಯಲ್ಲಿ ದೃಷ್ಟಿಯ ಸುಧಾರಣೆ ಒಂದರಲ್ಲಿ 15.0 ಅಕ್ಷರ, ಇನ್ನೊಂದರಲ್ಲಿ 14.0. ಎರಡನೆಯ ಗುಂಪಿನ ನೂರಕ್ಕೆ ಎಪ್ಪತ್ತು ಕಣ್ಣುಗಳಿಗೆ ಬದಲಾವಣೆ ಬೇಕಾಯಿತೆಂಬುದು ನಿಜ. ಉಳಿದ ಮೂವತ್ತಕ್ಕೆ ಬೇಕಾಗಲಿಲ್ಲವೆಂಬುದೂ, ಬದಲಾದವರೂ ಕಾದುದರಿಂದ ಏನನ್ನೂ ಕಳೆದುಕೊಳ್ಳಲಿಲ್ಲವೆಂಬುದೂ ಅಷ್ಟೇ ನಿಜ. ಯಾರಿಗೆ ಯಾವುದು, ಎಷ್ಟು ಕಾಲ ಎಂಬ ಈ ವಿವೇಕ ಮಾರುವವರಿಂದ ಬರಲಿಲ್ಲ.

ಮಾರುವವರ ವಿವೇಕ ಯಾವ ದಾರಿ ಹಿಡಿದಿತ್ತೆಂಬುದಕ್ಕೆ ಇಟಲಿಯ ದಾಖಲೆ ನೋಡಬೇಕು. ಜೆನೆನ್‌ಟೆಕ್ 2009ರಲ್ಲಿ ಪೂರ್ಣವಾಗಿ ಸ್ವಿಟ್ಸರ್ಲೆಂಡಿನ ರೋಶ್ ಕಂಪನಿಯ ವಶವಾಯಿತು. ಅಮೆರಿಕದ ಹೊರಗೆ ಲುಸೆಂಟಿಸ್ ಮಾರುವ ಹಕ್ಕು ಅದೇ ದೇಶದ ನೊವಾರ್ಟಿಸ್ ಕಂಪನಿಯದು. ಪ್ರತಿ ಮಾರಾಟದ ಮೇಲೆ ರಾಯಧನ ಮೂಲ ಕಂಪನಿಗೆ ಸಲ್ಲುತ್ತಿತ್ತು. ಸಾಲದೆಂಬಂತೆ ರೋಶ್‌ನ ಮತಾಧಿಕಾರವುಳ್ಳ ಷೇರುಗಳಲ್ಲಿ ಮೂರನೆಯ ಒಂದು ಪಾಲು 2021ರವರೆಗೆ ನೊವಾರ್ಟಿಸ್ ಕೈಯಲ್ಲಿತ್ತು. ಅಗ್ಗದ ಮಾಲಿನ ಒಡೆಯನಿಗೆ ತನ್ನ ಮಾಲು ಮಾರಾಟವಾಗದಿದ್ದರೆ ಹೆಚ್ಚು ಆದಾಯ! ಇಂತಹ ವಿಚಿತ್ರ ಅಂಗಡಿಯನ್ನು ಯಾವ ಪೇಟೆಯೂ ಕಂಡಿರಲಾರದು. ಅವಾಸ್ಟಿನ್‌ನಿಂದ ಕಣ್ಣಿಗೆ ಅಪಾಯವೆಂಬ ಭಯವನ್ನು ಎರಡೂ ಕಂಪನಿಗಳು ಒಳಒಪ್ಪಂದದಿಂದ ಹರಡಿದುವೆಂದು ನಿರ್ಧರಿಸಿದ ಇಟಲಿಯ ಸ್ಪರ್ಧಾ ಪ್ರಾಧಿಕಾರ 2014ರಲ್ಲಿ 18 ಕೋಟಿ ಯೂರೋಗಳಿಗೂ ಮಿಕ್ಕ ದಂಡ ವಿಧಿಸಿತು. ಕಂಪನಿಗಳು ಆರೋಪವನ್ನು ಅಲ್ಲಗಳೆದು ಮೇಲ್ಮನವಿ ಹೂಡಿದವು. 2018ರ ಜನವರಿಯಲ್ಲಿ ಯುರೋಪು ಒಕ್ಕೂಟದ ನ್ಯಾಯಾಲಯ, ವೈದ್ಯರಿಗೂ ಸಾರ್ವಜನಿಕರಿಗೂ ಇಂತಹ ದಾರಿತಪ್ಪಿಸುವ ಮಾಹಿತಿ ಹಬ್ಬಿಸಲು ಮಾಡಿಕೊಂಡ ಒಪ್ಪಂದ ಸ್ಪರ್ಧಾ ಕಾನೂನಿಗೆ ವಿರುದ್ಧವಾಗಬಲ್ಲುದೆಂದು ಹೇಳಿತು. 2019ರಲ್ಲಿ ಇಟಲಿಯ ಉನ್ನತ ಆಡಳಿತ ನ್ಯಾಯಾಲಯ ದಂಡವನ್ನು ಎತ್ತಿಹಿಡಿಯಿತು.

ವೈದ್ಯವರ್ಗವನ್ನೂ ಈ ಮಾತಿನಿಂದ ಹೊರಗಿಡುವಂತಿಲ್ಲ. ಅಮೆರಿಕದ ವೃದ್ಧರ ವಿಮಾ ಯೋಜನೆಯಾದ ಮೆಡಿಕೇರ್, ವೈದ್ಯರು ತಮ್ಮ ಕೈಯಾರೆ ನೀಡುವ ಔಷಧಗಳಿಗೆ ಸರಾಸರಿ ಮಾರಾಟ ಬೆಲೆಯ ಮೇಲೆ ಶೇಕಡಾ 6ರಷ್ಟು ಸೇರಿಸಿ ಕೊಡುವ ಕ್ರಮವನ್ನು 2005ರಿಂದ ಇಟ್ಟುಕೊಂಡಿದೆ. 2,000 ಡಾಲರಿನ ಔಷಧಕ್ಕೆ 120 ಡಾಲರ್, 50 ಡಾಲರಿನದಕ್ಕೆ 3 ಡಾಲರ್. ದಲ್ಲಾಳಿಯ ಕಮಿಷನ್ ಹೀಗೆ ಏರುತ್ತಾ ಹೋದರೆ ಅವನ ಶಿಫಾರಸು ಯಾವ ಕಡೆ ವಾಲುವುದೆಂದು ಗಂಜ್‌ನ ಹಮಾಲನೂ ಹೇಳಬಲ್ಲ. ಹೀಗಿದ್ದೂ ಆ ದೇಶದ ನೇತ್ರವೈದ್ಯರಲ್ಲಿ ಬಹುಮಂದಿ ಅಗ್ಗದ ಔಷಧವನ್ನೇ ಆರಿಸಿಕೊಂಡರೆಂಬುದು ಅವರ ಹಿರಿಮೆ. ವ್ಯವಸ್ಥೆಯದಲ್ಲ.

ಎದುರುವಾದ ಒಂದಿದೆ, ಅದು ಬಲವಾದುದು. 2011ರಲ್ಲಿ ಮಯಾಮಿ ಸುತ್ತಮುತ್ತ, ಒಂದೇ ಔಷಧಾಲಯ ತುಂಬಿಕೊಟ್ಟ ಅವಾಸ್ಟಿನ್ ಸಿರಿಂಜುಗಳಿಂದ 12 ಮಂದಿಯ ಕಣ್ಣಿಗೆ ತೀವ್ರ ಸೋಂಕು ತಗಲಿತು. 2023ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಪಂಜಾಬಿನಲ್ಲಿ ಹೀಗೆಯೇ ಬಿಡಿಬಿಡಿಯಾಗಿ ತುಂಬಿದ ಚುಚ್ಚುಮದ್ದಿನಿಂದ ಹಲವು ಮಧುಮೇಹಿಗಳು ದೃಷ್ಟಿ ಕಳೆದುಕೊಂಡರು. ಕುರುಡಾದವನಿಗೆ ಉಳಿತಾಯದ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಆದರೆ ಕೇಡು ಬಂದದ್ದು ಔಷಧದಿಂದಲ್ಲ, ದೊಡ್ಡ ಸೀಸೆಯಿಂದ ಸಣ್ಣ ಸಿರಿಂಜಿಗೆ ಸುರಿಯುವ ಕೆಲಸದಿಂದ. ಕಣ್ಣಿಗೆ ಬೇಕಾದಷ್ಟೇ ಔಷಧವನ್ನು ಶುದ್ಧವಾಗಿ ತುಂಬಿ ಮೊಹರು ಹಾಕಿ ಮಾರಿದ್ದರೆ ಈ ಸುರಿಯುವ ಕೆಲಸವೇ ಇರುತ್ತಿರಲಿಲ್ಲ. ಹಾಗೆ ಮಾರುವ ಸಾಮರ್ಥ್ಯ ಯಾರಿಗಿತ್ತು? ಅದನ್ನು ತಯಾರಿಸುವವರಿಗೇ. ಅವರು ಮಾರಲಿಲ್ಲ, ಮಾರದಿದ್ದುದರಿಂದ ಹುಟ್ಟಿದ ಅಪಾಯವನ್ನು ತೋರಿಸಿ, ನಲವತ್ತು ಪಟ್ಟು ಬೆಲೆಯದನ್ನು ಕೊಳ್ಳಿರೆಂದರು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿಯೇ ಬೆವಾಸಿಜುಮಾಬನ್ನು ಕಣ್ಣಿನ ಚಿಕಿತ್ಸೆಗಾಗಿ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತ್ತು. ಕಣ್ಣಿಗೆಂದೇ ಸಿದ್ಧಪಡಿಸಿದ ಬೆವಾಸಿಜುಮಾಬ್‌ಗೆ ಯುರೋಪು ಒಕ್ಕೂಟದ ಅನುಮತಿ ದೊರೆತದ್ದು 2024ರ ಮೇ ತಿಂಗಳಲ್ಲಿ. ಅದನ್ನು ತಂದದ್ದೂ ಬೇರೆಯದೇ ಕಂಪನಿ.

ಸಂಶೋಧನೆಗೆ ಅಪಾರ ವೆಚ್ಚ ತಗಲುತ್ತದೆ, ಆ ವೆಚ್ಚವನ್ನು ಬೆಲೆಯಲ್ಲಿ ವಸೂಲು ಮಾಡದಿದ್ದರೆ ನಾಳೆ ಹೊಸ ಔಷಧ ಹುಟ್ಟದು ಎಂಬ ಇನ್ನೊಂದು ವಾದವಿದೆ. ವೆಚ್ಚ ಸುಳ್ಳಲ್ಲ. ವಿಇಜಿಎಫ್ ಕಂಡುಹಿಡಿದ ವಿಜ್ಞಾನಿಗಳಿಗೆ ಲಕ್ಷಾಂತರ ಕಣ್ಣುಗಳು ಋಣಿ. ಆದರೆ ವೆಚ್ಚವನ್ನು ವಸೂಲು ಮಾಡುವ ಹಕ್ಕು ಒಂದು, ಅಗ್ಗದ ದಾರಿಯಿದೆಯೇ ಎಂದು ತಿಳಿಯದಂತೆ ನೋಡಿಕೊಳ್ಳುವ ಹಕ್ಕು ಮತ್ತೊಂದು. ಮೊದಲನೆಯದನ್ನು ಪೇಟೆಂಟ್ ಕಾನೂನು ಕೊಟ್ಟಿದೆ. ಎರಡನೆಯದನ್ನು ಯಾರೂ ಕೊಟ್ಟಿಲ್ಲ.

ಭಾರತದಲ್ಲಿ ಅವಾಸ್ಟಿನ್ ಬಳಕೆ ಮೊದಲಿನಿಂದಲೂ ವ್ಯಾಪಕ. ಬಹುಪಾಲು ರೋಗಿಗಳು ಕೈಯಿಂದಲೇ ಹಣ ಕೊಡುವ ದೇಶದಲ್ಲಿ ಅದು ಸಹಜ. 2015ರಲ್ಲಿ ಅಹಮದಾಬಾದಿನ ಇಂಟಾಸ್ ಕಂಪನಿ ರಾನಿಬಿಜುಮಾಬ್‌ನ ಮೊದಲ ಸಮಾನ ಔಷಧವನ್ನು ಮೂಲದ್ದಕ್ಕಿಂತ ಕಡಿಮೆ ಬೆಲೆಗೆ ಇಲ್ಲಿಯ ಮಾರುಕಟ್ಟೆಗೆ ತಂದಿತು. 2016ರ ಜನವರಿಯಲ್ಲಿ, ಗುಜರಾತಿನಲ್ಲಿ ಕೆಲವು ರೋಗಿಗಳ ಕಣ್ಣಿಗೆ ತೊಂದರೆಯಾದ ಬಳಿಕ, ಕೇಂದ್ರದ ಔಷಧ ನಿಯಂತ್ರಕರು ಅವಾಸ್ಟಿನ್ನನ್ನು ಕಣ್ಣಿಗೆ ಬಳಸುವುದರ ವಿರುದ್ಧ ಎಚ್ಚರಿಕೆ ಹೊರಡಿಸಿದರು. ನೇತ್ರವೈದ್ಯರು ಬಲವಾಗಿ ಆಕ್ಷೇಪಿಸಿದ ಮೇಲೆ ಅದೇ ಮಾರ್ಚಿನಲ್ಲಿ ಹಿಂತೆಗೆದುಕೊಂಡರು. ಎರಡು ತಿಂಗಳ ಕಾಲ ಬಡ ರೋಗಿಯ ಮುಂದೆ ಇದ್ದ ಆಯ್ಕೆ, ಇದ್ದಬದ್ದ ಹಣ ಸುರಿಯುವುದು ಅಥವಾ ಚುಚ್ಚುಮದ್ದನ್ನೇ ಬಿಡುವುದು. ಬಿಟ್ಟವರ ಲೆಕ್ಕ ಎಲ್ಲೂ ಬರೆದಿಡಲಾಗುವುದಿಲ್ಲ.

ಇಲ್ಲಿ ದಾನಿಗಳ ಬಗ್ಗೆ ಒಂದು ಮಾತು ಕಟುವಾದರೂ ಆಡಬೇಕು. ನೇತ್ರ ಶಿಬಿರವೆಂದರೆ ಪೊರೆ ತೆಗೆಸುವುದೆಂದೇ ತಿಳಿದಿರುವ ಟ್ರಸ್ಟುಗಳು ಬಹಳ. ಪೊರೆ ತೆಗೆದರೆ ಮರುದಿನವೇ ಕಣ್ಣು ಕಾಣುತ್ತದೆ, ಫೋಟೋ ಬರುತ್ತದೆ. ಮಧುಮೇಹಿಯ ಅಕ್ಷಿಪಟಲ ಪರೀಕ್ಷಿಸಿದರೆ ಫೋಟೋ ಬರುವುದು ಅಕ್ಷಿಪಟಲದ್ದು ಮಾತ್ರ. ಶಸ್ತ್ರಚಿಕಿತ್ಸಾ ಕೊಠಡಿಗೆ ಅಮೃತಶಿಲೆಯ ಫಲಕ ಹಾಕಿಸಲು ಲಕ್ಷಗಳನ್ನು ಕೊಡುವವರು, ಒಂದು ಸೀಸೆಯನ್ನು ಶುದ್ಧ ಕೊಠಡಿಯಲ್ಲಿ ಸಿರಿಂಜುಗಳಿಗೆ ತುಂಬುವ ವ್ಯವಸ್ಥೆಗೆ, ಎರಡು ಔಷಧಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವ ಪ್ರಯೋಗಕ್ಕೆ ಕೈ ಬಿಚ್ಚಿದ ನಿದರ್ಶನ ಅಪರೂಪ. ಪ್ರಶ್ನೆಗೆ ಫಲಕ ಹಾಕಿಸಲಾಗುವುದಿಲ್ಲವಷ್ಟೆ.

ಸರಕಾರದಿಂದ ಕೇಳಬೇಕಾದುದು ಇದಕ್ಕಿಂತ ದೊಡ್ಡದು. ಯಾವುದೇ ಹೊಸ ಔಷಧ ಭಾರತದಲ್ಲಿ ಅನುಮತಿ ಬೇಡಿದಾಗ, ಆ ಕಾಯಿಲೆಗೆ ವೈದ್ಯರು ಆಗಲೇ ಬಳಸುತ್ತಿರುವ ಅಗ್ಗದ ಔಷಧದೊಡನೆ ಅದನ್ನು ಹೋಲಿಸಿದ ಫಲಿತಾಂಶವನ್ನು ಅರ್ಜಿಯ ಜೊತೆಗೇ ಕೇಳಬೇಕು. ಹೋಲಿಕೆ ನಡೆದಿಲ್ಲವಾದರೆ, ಇಷ್ಟು ವರ್ಷದೊಳಗೆ ನಡೆಸಬೇಕೆಂಬ ಷರತ್ತನ್ನು ಅನುಮತಿಪತ್ರದಲ್ಲಿಯೇ ಬರೆಯಬೇಕು. ಪ್ರಯೋಗ ನಡೆಸುವವರು ಮಾರುವವರಾಗಿರಬಾರದು; ಹಣ ಮಾತ್ರ ಮಾರುವವರದಾಗಿರಲಿ, ಅದನ್ನು ಸಂಶೋಧನಾ ಪರಿಷತ್ತಿನ ಖಾತೆಗೆ ಕಟ್ಟಲಿ. ಫಲಿತಾಂಶ ಬರುವವರೆಗೆ, ಹೋಲಿಕೆ ನಡೆದಿಲ್ಲವೆಂಬ ಒಂದು ಸಾಲು ಔಷಧದ ಪೆಟ್ಟಿಗೆಯ ಮೇಲೆ ಬೆಲೆ ಅಚ್ಚಾಗಿರುವ ಜಾಗದ ಪಕ್ಕದಲ್ಲಿಯೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಅಚ್ಚಾಗಿರಬೇಕು.